ಡಿಸ್ಕಿನ ಲೆಕ್ಕಪತ್ರ ಮತ್ತು ಅದರ ದುರಸ್ತಿ



ಗಣಕಯಂತ್ರದಲ್ಲಿ ನಾವು ಬರೆಯುವುದೆಲ್ಲ ಕೊನೆಗೆ ಹೋಗಿ ಸೇರುವುದು ಡಿಸ್ಕನ್ನು. ಪ್ರಯೋಗಶಾಲೆಯ ವರದಿ, ಅಂತಿಮ ವರ್ಷದ ಪ್ರಬಂಧ, ಮನೆಯವರ ಭಾವಚಿತ್ರಗಳು ಎಲ್ಲವೂ ಅಲ್ಲಿರುತ್ತವೆ. ಒಂದು ದಿನ ಕೆಲಸದ ನಡುವೆ ವಿದ್ಯುತ್ ಹೋಯಿತೆನ್ನಿ. ಮತ್ತೆ ಬಂದಾಗ ಗಣಕ ಎಂದಿನಂತೆ ಏಳುವುದಿಲ್ಲ. ಕಪ್ಪು ಪರದೆಯ ಮೇಲೆ ಕೆಲವು ಸಾಲುಗಳು ಮೂಡುತ್ತವೆ. ಕೊನೆಯಲ್ಲಿ ಒಂದು ಪ್ರಶ್ನೆ ನಿಲ್ಲುತ್ತದೆ: ‘ಸರಿಪಡಿಸಲೇ?’ ಹೌದೆನ್ನಲು ‘ವೈ’ ಅಕ್ಷರ, ಬೇಡವೆನ್ನಲು ‘ಎನ್’ ಅಕ್ಷರ. ನಮ್ಮಲ್ಲಿ ಬಹಳ ಮಂದಿ ಪ್ರಶ್ನೆಯನ್ನು ಓದದೆಯೇ ‘ವೈ’ ಒತ್ತುತ್ತೇವೆ.

ಆ ಪ್ರಶ್ನೆಯನ್ನು ಕೇಳುತ್ತಿರುವ ತಂತ್ರಾಂಶ ಯಾವುದು? ಅದು ಸರಿಪಡಿಸುವುದು ಏನನ್ನು? ಏನನ್ನು ಅದು ಎಂದಿಗೂ ಸರಿಪಡಿಸಲಾರದು? ಇವೇ ಇಂದಿನ ಮಾತಿನ ವಿಷಯ. ಇದಕ್ಕಾಗಿ ನಾವು ಎರಡು ಆದೇಶಗಳನ್ನು ಪರಿಚಯ ಮಾಡಿಕೊಳ್ಳೋಣ. ಒಂದು ‘ಎಂಕೆಎಫ್‌ಎಸ್’, ಎಂದರೆ ಕಡತ ವ್ಯವಸ್ಥೆಯನ್ನು ನಿರ್ಮಿಸುವ ಆದೇಶ. ಇನ್ನೊಂದು ‘ಎಫ್‌ಎಸ್‌ಸಿಕೆ’, ಎಂದರೆ ಕಡತ ವ್ಯವಸ್ಥೆಯನ್ನು ತಪಾಸಣೆ ಮಾಡುವ ಆದೇಶ. ಎರಡೂ ಯುನಿಕ್ಸ್ ಪರಂಪರೆಯಿಂದ ಬಂದವು. ಲಿನಕ್ಸ್ ಗಣಕಗಳಲ್ಲಿ ಹೆಚ್ಚಾಗಿ ಬಳಸುವ ‘ಇಎಕ್ಸ್‌ಟಿ 4’ ಕಡತ ವ್ಯವಸ್ಥೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಡಿಸ್ಕು ಒಂದು ಗ್ರಂಥಾಲಯ

ನಿಮ್ಮ ಕಾಲೇಜಿನ ಗ್ರಂಥಾಲಯವನ್ನು ನೆನಪಿಗೆ ತಂದುಕೊಳ್ಳಿ. ಒಂದೇ ಅಳತೆಯ ಸಾವಿರಾರು ಗೂಡುಗಳಿವೆ, ಪ್ರತಿ ಗೂಡಿಗೂ ಒಂದು ಸಂಖ್ಯೆ ಇದೆ ಎಂದುಕೊಳ್ಳೋಣ. ಡಿಸ್ಕಿನಲ್ಲಿ ಇಂತಹ ಗೂಡಿಗೆ ‘ಬ್ಲಾಕ್’ ಎಂದು ಹೆಸರು. ಇಎಕ್ಸ್‌ಟಿ 4ರಲ್ಲಿ ಇದು ಸಾಮಾನ್ಯವಾಗಿ 4096 ಬೈಟುಗಳಷ್ಟು ದೊಡ್ಡದು.

ಗೂಡುಗಳಷ್ಟೇ ಇದ್ದರೆ ಗ್ರಂಥಾಲಯವಾಗದು. ಲೆಕ್ಕ ಬೇಕು. ಆ ಲೆಕ್ಕ ನಾಲ್ಕು ಬಗೆಯದು.

ಮೊದಲನೆಯದು ‘ಸೂಪರ್‌ಬ್ಲಾಕ್’. ಒಟ್ಟು ಗೂಡುಗಳೆಷ್ಟು, ಗೂಡಿನ ಅಳತೆ ಎಷ್ಟು, ಖಾಲಿ ಎಷ್ಟು ಎಂಬ ಮೂಲ ವಿವರ ಇಲ್ಲಿರುತ್ತದೆ. ಇದು ದಾಖಲೆ ಪುಸ್ತಕದ ಮೊದಲ ಪುಟ ಇದ್ದಂತೆ.

ಎರಡನೆಯದು ‘ಐನೋಡ್’. ಪ್ರತಿ ಪುಸ್ತಕಕ್ಕೊಂದು ಚೀಟಿ ಇರುವಂತೆ ಪ್ರತಿ ಕಡತಕ್ಕೂ ಒಂದು ಐನೋಡ್ ಇರುತ್ತದೆ. ಕಡತದ ಗಾತ್ರ, ಒಡೆಯ, ತಿದ್ದಿದ ಸಮಯ, ಯಾವ ಗೂಡಿನಿಂದ ಎಷ್ಟು ಗೂಡುಗಳವರೆಗೆ ಅದು ಹರಡಿದೆ ಎಂಬುದೆಲ್ಲ ಅದರಲ್ಲಿದೆ. ಆದರೆ ಕಡತದ ಹೆಸರು ಮಾತ್ರ ಅದರಲ್ಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರನೆಯದು ‘ಡೈರೆಕ್ಟರಿ’. ಹೆಸರು ಒಂದು ಕಡೆ, ಚೀಟಿಯ ಸಂಖ್ಯೆ ಇನ್ನೊಂದು ಕಡೆ ಇರುವ ಪಟ್ಟಿ ಇದು. ಒಂದೇ ಚೀಟಿಗೆ ಎರಡು ಹೆಸರುಗಳೂ ಇರಬಹುದು. ಆದ್ದರಿಂದ ತನಗೆ ಎಷ್ಟು ಹೆಸರುಗಳಿವೆ ಎಂಬ ಎಣಿಕೆಯನ್ನು ಐನೋಡ್ ತನ್ನೊಳಗೆ ಬರೆದುಕೊಂಡಿರುತ್ತದೆ.

ನಾಲ್ಕನೆಯದು ‘ಬಿಟ್‌ಮ್ಯಾಪ್’. ಯಾವ ಗೂಡು ಖಾಲಿ, ಯಾವುದು ಭರ್ತಿ ಎಂಬುದನ್ನು ಗೂಡಿಗೊಂದು ಬಿಟ್‌ನಂತೆ ಗುರುತು ಹಾಕಿದ ಹಾಳೆ. ಸೊನ್ನೆ ಎಂದರೆ ಖಾಲಿ, ಒಂದು ಎಂದರೆ ಭರ್ತಿ.

ಹೊಸ ಲೆಕ್ಕ ತೆರೆಯುವುದು

ಖಾಲಿ ಕಟ್ಟಡದಲ್ಲಿ ಈ ನಾಲ್ಕು ದಾಖಲೆಗಳನ್ನು ಮೊದಲ ಬಾರಿಗೆ ತೆರೆಯುವುದೇ ಎಂಕೆಎಫ್‌ಎಸ್ ಮಾಡುವ ಕೆಲಸ. ನಿಜ ಹೇಳಬೇಕೆಂದರೆ ಎಂಕೆಎಫ್‌ಎಸ್ ಒಬ್ಬ ಮೇಸ್ತ್ರಿ ಮಾತ್ರ. ಯಾವ ಬಗೆಯ ಕಡತ ವ್ಯವಸ್ಥೆ ಬೇಕೆಂದು ಕೇಳಿ, ಆ ಕಸುಬು ಬಲ್ಲ ಬೇರೊಂದು ತಂತ್ರಾಂಶಕ್ಕೆ ಅದು ಕೆಲಸ ಒಪ್ಪಿಸುತ್ತದೆ. ಇಎಕ್ಸ್‌ಟಿ ವರ್ಗಕ್ಕೆ ಆ ಕೆಲಸಗಾರ ‘ಎಂಕೆಇ2ಎಫ್‌ಎಸ್’. ಎಫ್‌ಎಸ್‌ಸಿಕೆ ಸಹ ಇದೇ ರೀತಿ ‘ಇ2ಎಫ್‌ಎಸ್‌ಸಿಕೆ’ಗೆ ಕೆಲಸ ವಹಿಸುತ್ತದೆ.

1 ಜಿಬಿ ಗಾತ್ರದ ಜಾಗದಲ್ಲಿ ಲೆಕ್ಕ ಹೇಗೆ ಬೀಳುತ್ತದೆ, ನೋಡೋಣ. 4096 ಬೈಟುಗಳ ಗೂಡುಗಳು 2,62,144 ಆಗುತ್ತವೆ. ಒಂದು ಗೂಡಿನೊಳಗೆ ಬರೆಯಬಹುದಾದ ಬಿಟ್‌ಗಳು 4096ರ ಎಂಟರಷ್ಟು, ಅಂದರೆ 32,768. ಹೀಗಾಗಿ ಒಂದು ಗೂಡಿನಷ್ಟು ಬಿಟ್‌ಮ್ಯಾಪ್ 32,768 ಗೂಡುಗಳ ಲೆಕ್ಕ ಇಡಬಲ್ಲದು. ಅಷ್ಟು ಗೂಡುಗಳನ್ನು ಒಂದು ಗುಂಪು ಎಂದು ಕರೆದರೆ, ಗುಂಪಿನ ಗಾತ್ರ 128 ಎಂಬಿ, ನಮ್ಮ 1 ಜಿಬಿಯಲ್ಲಿ ಎಂಟು ಗುಂಪುಗಳು. ಪ್ರತಿ 16,384 ಬೈಟಿಗೆ ಒಂದರಂತೆ 65,536 ಐನೋಡ್‌ಗಳು ಸಿದ್ಧವಾಗುತ್ತವೆ. ಒಂದೊಂದೂ 256 ಬೈಟು. ಅವುಗಳ ಪಟ್ಟಿಗೇ 16 ಎಂಬಿ ಬೇಕು. ಹೊಸ ಡಿಸ್ಕಿನಲ್ಲಿ ಹೇಳಿದಷ್ಟು ಜಾಗ ಏಕೆ ಸಿಗುವುದಿಲ್ಲ ಎಂಬುದಕ್ಕೆ ಇದೂ ಒಂದು ಕಾರಣ. ಇದರ ಮೇಲೆ ಶೇಕಡ 5ರಷ್ಟು ಜಾಗವನ್ನು ವ್ಯವಸ್ಥಾಪಕನ ತುರ್ತು ಬಳಕೆಗೆಂದು ಕಾದಿರಿಸಲಾಗುತ್ತದೆ.

ಇನ್ನೊಂದು ಮುಂಜಾಗ್ರತೆಯನ್ನು ಗಮನಿಸಿ. ಮೊದಲ ಪುಟವೇ ಹರಿದುಹೋದರೆ ಗತಿಯೇನು? ಅದಕ್ಕಾಗಿ ಸೂಪರ್‌ಬ್ಲಾಕ್‌ನ ಪ್ರತಿಗಳನ್ನು ಬೇರೆ ಗುಂಪುಗಳಲ್ಲೂ ಬರೆಯಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ 1, 3, 5 ಮತ್ತು 7ನೆಯ ಗುಂಪುಗಳ ಆರಂಭದಲ್ಲಿ, ಅಂದರೆ 32768, 98304, 163840 ಮತ್ತು 229376ನೆಯ ಗೂಡುಗಳಲ್ಲಿ.

ಈಗಾಗಲೇ ಕಡತಗಳಿರುವ ಡಿಸ್ಕಿನ ಮೇಲೆ ಎಂಕೆಎಫ್‌ಎಸ್ ಓಡಿಸಿದರೆ ಹಳೆಯ ದಾಖಲೆ ಪುಸ್ತಕದ ಮೇಲೆಯೇ ಹೊಸ ಪುಸ್ತಕ ಬರೆದಂತೆ ಆಗುತ್ತದೆ. ತಿರುಗುವ ಕಾಂತೀಯ ಡಿಸ್ಕುಗಳಲ್ಲಿ ಗೂಡುಗಳೊಳಗಿನ ಹಳೆಯ ಬರಹ ಬಹುಪಾಲು ಹಾಗೆಯೇ ಉಳಿಯುತ್ತಿತ್ತು, ತಜ್ಞರು ಹುಡುಕಿ ತೆಗೆಯುವ ಅವಕಾಶವಿತ್ತು. ಇಂದಿನ ಎಸ್‌ಎಸ್‌ಡಿಗಳಲ್ಲಿ ಆ ಭರವಸೆ ಬೇಡ. ಎಂಕೆಇ2ಎಫ್‌ಎಸ್ ತಾನಾಗಿಯೇ ‘ಈ ಗೂಡುಗಳು ಇನ್ನು ಬೇಡ’ ಎಂದು ಎಸ್‌ಎಸ್‌ಡಿಗೆ ತಿಳಿಸುತ್ತದೆ, ಎಸ್‌ಎಸ್‌ಡಿ ಅವನ್ನು ಖಾಲಿ ಮಾಡಬಹುದು. ಆದ್ದರಿಂದ ಆದೇಶ ಒತ್ತುವ ಮುನ್ನ ‘ಎಲ್‌ಎಸ್‌ಬಿಎಲ್‌ಕೆ’ ಆದೇಶದಿಂದ ಡಿಸ್ಕಿನ ಹೆಸರು ಮತ್ತು ಗಾತ್ರವನ್ನು ತಾಳೆ ನೋಡಬೇಕು. ನಿನ್ನೆ ‘ಎಸ್‌ಡಿಬಿ’ ಆಗಿದ್ದ ಡಿಸ್ಕು ಇಂದು ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳುವುದುಂಟು. ಎಂಕೆಇ2ಎಫ್‌ಎಸ್ ಜೊತೆಗೆ ‘-ಎನ್’ ಸೇರಿಸಿದರೆ, ಏನನ್ನೂ ಬರೆಯದೆ, ಬರೆಯುವುದಾದರೆ ಏನು ಬರೆಯುತ್ತಿದ್ದೆ ಎಂದು ಮಾತ್ರ ಅದು ತಿಳಿಸುತ್ತದೆ.

ಲೆಕ್ಕ ತಪ್ಪುವುದು ಏಕೆ?

ನೀವು ಒಂದು ಹೊಸ ಕಡತ ಉಳಿಸಿದಿರಿ. ನಿಮಗೆ ಅದು ಒಂದೇ ಕೆಲಸ. ಡಿಸ್ಕಿನ ಮೇಲೆ ಅದು ಹಲವು ಬರಹ: ಐನೋಡ್ ತುಂಬಬೇಕು, ಡೈರೆಕ್ಟರಿಗೆ ಹೆಸರು ಸೇರಿಸಬೇಕು, ಗೂಡುಗಳನ್ನು ಭರ್ತಿ ಎಂದು ಗುರುತಿಸಬೇಕು, ಖಾಲಿ ಗೂಡುಗಳ ಎಣಿಕೆ ಇಳಿಸಬೇಕು, ಕೊನೆಗೆ ಕಡತದ ಒಡಲನ್ನು ಬರೆಯಬೇಕು. ಇವೆಲ್ಲ ಡಿಸ್ಕಿನ ಬೇರೆ ಬೇರೆ ಜಾಗಗಳು. ವೇಗಕ್ಕಾಗಿ ಗಣಕ ಇವನ್ನು ಸ್ವಲ್ಪ ಹೊತ್ತು ಸ್ಮೃತಿಯಲ್ಲಿ ಇಟ್ಟುಕೊಂಡು ನಂತರ ಡಿಸ್ಕಿಗೆ ಇಳಿಸುತ್ತದೆ. ನಡುವೆ ವಿದ್ಯುತ್ ಹೋದರೆ ಕೆಲವು ಬರಹ ಇಳಿದಿರುತ್ತವೆ, ಕೆಲವು ಇಲ್ಲ.

ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ಗೂಡನ್ನು ಭರ್ತಿ ಎಂದು ಗುರುತಿಸಿ, ಐನೋಡ್ ಬರೆಯುವಷ್ಟರಲ್ಲಿ ದೀಪ ಆರಿದರೆ ನಷ್ಟ ಅಲ್ಪ. ಯಾರಿಗೂ ಸೇರದ ಒಂದು ಗೂಡು ವ್ಯರ್ಥವಾಗುತ್ತದೆ, ಅಷ್ಟೆ. ತದ್ವಿರುದ್ಧವಾದರೆ ಅಪಾಯ. ನಿಮ್ಮ ಕಡತ ಆ ಗೂಡಿನಲ್ಲಿದೆ, ಬಿಟ್‌ಮ್ಯಾಪ್ ಮಾತ್ರ ಅದನ್ನು ಖಾಲಿ ಎನ್ನುತ್ತಿದೆ. ನಾಳೆ ಬೇರೊಂದು ಕಡತಕ್ಕೆ ಅದೇ ಗೂಡನ್ನು ಕೊಡಲಾಗುತ್ತದೆ. ಆಗ ಒಂದೇ ನಿವೇಶನಕ್ಕೆ ಇಬ್ಬರು ಒಡೆಯರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾರೆ. ಕೆಟ್ಟ ಲೆಕ್ಕದ ಮೇಲೆ ಕೆಲಸ ಮುಂದುವರಿಸಬಾರದು ಎನ್ನುವುದು ಈ ಕಾರಣಕ್ಕೆ.

ಯುನಿಕ್ಸ್‌ನ ಆರಂಭದ ವರ್ಷಗಳಲ್ಲಿ ಈ ತಪಾಸಣೆ ಬಿಡಿಬಿಡಿಯಾಗಿತ್ತು. 1979ರ ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ಗೂಡುಗಳ ಲೆಕ್ಕಕ್ಕೆ ‘ಐಚೆಕ್’, ಹೆಸರುಗಳ ಲೆಕ್ಕಕ್ಕೆ ‘ಡಿಚೆಕ್’, ಕೆಟ್ಟ ಐನೋಡನ್ನು ಅಳಿಸಲು ‘ಸಿಎಲ್‌ಆರ್‌ಐ’ ಎಂಬ ಬೇರೆ ಬೇರೆ ಆದೇಶಗಳಿವೆ. ಎಲ್ಲಿ ಯಾವುದನ್ನು ಬಳಸಬೇಕೆಂಬ ತೀರ್ಮಾನ ಗಣಕ ನೋಡಿಕೊಳ್ಳುವವರದೇ ಆಗಿತ್ತು. ಇವನ್ನೆಲ್ಲ ಒಂದೇ ಕ್ರಮಬದ್ಧ ತಪಾಸಣೆಯಾಗಿ ಮಾಡಿದ್ದು ಟಿ. ಜೆ. ಕೊವಾಲ್ಸ್ಕಿ ಬರೆದ ಎಫ್‌ಎಸ್‌ಸಿಕೆ. ಮುಂದೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹೊಸ ವೇಗದ ಕಡತ ವ್ಯವಸ್ಥೆ ಸಿದ್ಧವಾಯಿತು. 1983ರ ಬಿಎಸ್‌ಡಿ 4.2 ಆವೃತ್ತಿಯೊಂದಿಗೆ ಅದು ಹೊರಬಂದಾಗ ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಈ ತಪಾಸಣೆಯನ್ನು ಅದಕ್ಕೆ ಹೊಂದಿಸಿದರು. 1993ರಲ್ಲಿ ಬಂದ ಲಿನಕ್ಸ್‌ನ ಇಎಕ್ಸ್‌ಟಿ 2 ಮತ್ತು ಅದರ ವಂಶದ ವ್ಯವಸ್ಥೆಗಳೂ ಅದೇ ದಾರಿಯಲ್ಲಿ ಸಾಗಿದವು.

ಐದು ಸುತ್ತಿನ ತಪಾಸಣೆ

ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಪುಸ್ತಕಗಳ ತಾಳೆ ನೋಡುವುದನ್ನು ನೀವು ಕಂಡಿರಬಹುದು. ಆ ದಿನಗಳಲ್ಲಿ ಪುಸ್ತಕ ಕೊಡುವುದನ್ನು ನಿಲ್ಲಿಸುತ್ತಾರೆ. ಎಣಿಸುತ್ತಿರುವಾಗಲೇ ಪುಸ್ತಕ ಹೊರಗೆ ಹೋಗುತ್ತಿದ್ದರೆ ಎಣಿಕೆಗೆ ಅರ್ಥವಿಲ್ಲ. ಎಫ್‌ಎಸ್‌ಸಿಕೆಗೂ ಇದೇ ನಿಯಮ. ಬಳಕೆಯಲ್ಲಿರುವ, ಅಂದರೆ ‘ಮೌಂಟ್’ ಆಗಿರುವ ಡಿಸ್ಕಿನ ಮೇಲೆ ದುರಸ್ತಿ ಮಾಡಬಾರದು. ಇಬ್ಬರು ಒಂದೇ ದಾಖಲೆ ಪುಸ್ತಕದಲ್ಲಿ ಪರಸ್ಪರ ತಿಳಿಯದಂತೆ ಬರೆದರೆ, ಚೆನ್ನಾಗಿದ್ದ ಲೆಕ್ಕವೂ ಕೆಡುತ್ತದೆ.

ಇ2ಎಫ್‌ಎಸ್‌ಸಿಕೆ ಐದು ಸುತ್ತುಗಳಲ್ಲಿ ಕೆಲಸ ಮಾಡುತ್ತದೆ.

ಮೊದಲ ಸುತ್ತಿನಲ್ಲಿ ಎಲ್ಲ ಐನೋಡ್‌ಗಳನ್ನೂ ಒಂದೊಂದಾಗಿ ಓದುತ್ತದೆ. ಚೀಟಿಯಲ್ಲಿರುವ ಗೂಡಿನ ಸಂಖ್ಯೆ ಡಿಸ್ಕಿನ ಮಿತಿಯೊಳಗಿದೆಯೇ? ಒಂದೇ ಗೂಡನ್ನು ಇಬ್ಬರು ತಮ್ಮದೆನ್ನುತ್ತಿದ್ದಾರೆಯೇ? ಹೀಗೆ ಓದುತ್ತಾ, ಡಿಸ್ಕಿನಲ್ಲಿರುವ ಬಿಟ್‌ಮ್ಯಾಪನ್ನು ನಂಬದೆ, ತನ್ನದೇ ಆದ ಹೊಸ ಬಿಟ್‌ಮ್ಯಾಪನ್ನು ಸ್ಮೃತಿಯಲ್ಲಿ ಕಟ್ಟುತ್ತದೆ.

ಎರಡನೆಯ ಸುತ್ತಿನಲ್ಲಿ ಡೈರೆಕ್ಟರಿಗಳನ್ನು ಓದಿ, ಪ್ರತಿ ಹೆಸರೂ ನಿಜವಾದ ಐನೋಡನ್ನು ತೋರಿಸುತ್ತಿದೆಯೇ ಎಂದು ನೋಡುತ್ತದೆ. ಮೂರನೆಯ ಸುತ್ತಿನಲ್ಲಿ ಪ್ರತಿ ಡೈರೆಕ್ಟರಿಗೂ ಮೂಲ ಡೈರೆಕ್ಟರಿಯಿಂದ ದಾರಿ ಇದೆಯೇ ಎಂದು ಪರೀಕ್ಷಿಸುತ್ತದೆ. ನಾಲ್ಕನೆಯ ಸುತ್ತಿನಲ್ಲಿ ಪ್ರತಿ ಐನೋಡ್ ಹೇಳುವ ಹೆಸರುಗಳ ಎಣಿಕೆಯನ್ನು ತಾನು ಕಂಡ ಎಣಿಕೆಯೊಂದಿಗೆ ತಾಳೆ ಹಾಕುತ್ತದೆ. ಐದನೆಯ ಸುತ್ತಿನಲ್ಲಿ ತಾನು ಕಟ್ಟಿದ ಬಿಟ್‌ಮ್ಯಾಪನ್ನು ಡಿಸ್ಕಿನ ಮೇಲಿನ ಬಿಟ್‌ಮ್ಯಾಪಿನೊಂದಿಗೆ ಹೋಲಿಸಿ ತಿದ್ದುತ್ತದೆ.

ಮೂರು ಮತ್ತು ನಾಲ್ಕನೆಯ ಸುತ್ತುಗಳಲ್ಲಿ ಕೆಲವೊಮ್ಮೆ ಅನಾಥರು ಸಿಗುತ್ತಾರೆ. ಐನೋಡ್ ಇದೆ, ಗೂಡುಗಳಿವೆ, ಹೆಸರಿಲ್ಲ. ಇವುಗಳನ್ನು ‘ಲಾಸ್ಟ್ ಪ್ಲಸ್ ಫೌಂಡ್’ ಎಂಬ ಡೈರೆಕ್ಟರಿಗೆ ಸೇರಿಸುತ್ತಾರೆ. ಇದಕ್ಕಾಗಿಯೇ ಎಂಕೆಇ2ಎಫ್‌ಎಸ್ ಈ ಡೈರೆಕ್ಟರಿಯನ್ನು ಮೊದಲೇ ನಿರ್ಮಿಸಿಟ್ಟಿರುತ್ತದೆ. ಅಲ್ಲಿ ಕಡತಗಳ ಹೆಸರು ಬರೀ ಸಂಖ್ಯೆ. ಏಕೆಂದು ಈಗ ನೀವೇ ಹೇಳಬಲ್ಲಿರಿ: ಹೆಸರು ಇದ್ದದ್ದು ಡೈರೆಕ್ಟರಿಯಲ್ಲಿ, ಐನೋಡ್‌ನಲ್ಲಲ್ಲ. ಡೈರೆಕ್ಟರಿ ಹೋದಾಗ ಹೆಸರೂ ಹೋಯಿತು. ಉಳಿದ ಕಡತ ಚಿತ್ರವೋ ಬರಹವೋ ಎಂದು ತಿಳಿಯಲು ‘ಫೈಲ್’ ಎಂಬ ಆದೇಶ ನೆರವಾಗುತ್ತದೆ. ಅದು ಹೆಸರನ್ನಲ್ಲ, ಒಡಲನ್ನು ಓದಿ ಹೇಳುತ್ತದೆ.

ಪೆನ್‌ಡ್ರೈವ್‌ಗಳಲ್ಲಿ ಬಳಸುವ ‘ಫ್ಯಾಟ್’ ವ್ಯವಸ್ಥೆಯಲ್ಲೂ ತತ್ತ್ವ ಇದೇ. ಡಾಸ್ ಮತ್ತು ವಿಂಡೋಸ್‌ನ ‘ಚೆಕ್‌ಡಿಸ್ಕ್’ ಆದೇಶ ಒಡೆಯರಿಲ್ಲದ ತುಂಡುಗಳನ್ನು ಹೀಗೆಯೇ ಸಂಖ್ಯೆಯ ಹೆಸರು ಕೊಟ್ಟು ಎತ್ತಿಡುತ್ತದೆ.

ಲೆಕ್ಕ ಸರಿ, ಪುಸ್ತಕ ತಪ್ಪು

ಈಗ ಮುಖ್ಯ ವಿಷಯಕ್ಕೆ ಬರೋಣ. ಮೇಲಿನ ಐದು ಸುತ್ತುಗಳಲ್ಲಿ ಒಂದರಲ್ಲಾದರೂ ನಿಮ್ಮ ಪ್ರಬಂಧದ ಒಳಗಿನ ವಾಕ್ಯಗಳನ್ನು ಯಾರಾದರೂ ಓದಿದರೇ? ಇಲ್ಲ. ಎಫ್‌ಎಸ್‌ಸಿಕೆ ತಾಳೆ ನೋಡುವುದು ಲೆಕ್ಕವನ್ನು ಮಾತ್ರ. ಒಂದೇ ಸಂಗತಿ ಎರಡು ಕಡೆ ದಾಖಲಾಗಿದ್ದರೆ, ಒಂದನ್ನು ನೋಡಿ ಇನ್ನೊಂದನ್ನು ತಿದ್ದಬಹುದು. ಬಿಟ್‌ಮ್ಯಾಪ್ ಹಾಳಾದರೆ ಐನೋಡ್‌ಗಳಿಂದ ಅದನ್ನು ಮತ್ತೆ ಕಟ್ಟಬಹುದು. ಸೂಪರ್‌ಬ್ಲಾಕ್ ಹಾಳಾದರೆ ಅದರ ಪ್ರತಿಗಳಿವೆ. ಆದರೆ ಕಡತದ ಒಡಲಿಗೆ ಡಿಸ್ಕಿನಲ್ಲಿ ಎರಡನೆಯ ಪ್ರತಿ ಇಲ್ಲ. ಅದು ಹೋದರೆ ಯಾವುದನ್ನು ನೋಡಿ ತಿದ್ದುವುದು?

ಒಂದೇ ಗೂಡಿಗೆ ಇಬ್ಬರು ಒಡೆಯರಾದ ಪ್ರಸಂಗವನ್ನೇ ನೋಡಿ. ಇ2ಎಫ್‌ಎಸ್‌ಸಿಕೆ ನಿಮ್ಮ ಒಪ್ಪಿಗೆ ಪಡೆದು ಆ ಗೂಡಿನ ನಕಲು ತೆಗೆದು ಇಬ್ಬರಿಗೂ ಒಂದೊಂದು ಕೊಡುತ್ತದೆ. ಲೆಕ್ಕ ಸರಿಹೋಯಿತು. ಆದರೆ ಗೂಡಿನಲ್ಲಿದ್ದ ಬರಹ ಇಬ್ಬರಲ್ಲಿ ಹೆಚ್ಚೆಂದರೆ ಒಬ್ಬರದು. ಇನ್ನೊಬ್ಬರ ಕಡತದ ಮಧ್ಯೆ ಈಗ ಪರರ ಬರಹವಿದೆ. ತಪಾಸಣೆ ಮಾತ್ರ ‘ದೋಷವಿಲ್ಲ’ ಎಂದೇ ವರದಿ ಮಾಡುತ್ತದೆ. ಇನ್ನು ಪೂರ್ತಿ ಕೆಟ್ಟ ಐನೋಡ್ ಸಿಕ್ಕರೆ ‘ಅಳಿಸಲೇ?’ ಎಂದು ಕೇಳುತ್ತದೆ. ಹೌದೆಂದರೆ ಲೆಕ್ಕ ಶುದ್ಧವಾಗುತ್ತದೆ, ಕಡತ ಇಲ್ಲವಾಗುತ್ತದೆ. ಎಲ್ಲಕ್ಕೂ ಮೊದಲೇ ಒಪ್ಪಿಗೆ ಕೊಡುವ ‘-ವೈ’ ಆಯ್ಕೆಯನ್ನು ಕಣ್ಣು ಮುಚ್ಚಿ ಬಳಸಬಾರದು ಎನ್ನುವುದು ಇದಕ್ಕೇ.

ಜರ್ನಲ್ ಬಂದ ಮೇಲೆ

ಡಿಸ್ಕು ದೊಡ್ಡದಾದಂತೆ ಈ ತಪಾಸಣೆಗೆ ಗಂಟೆಗಟ್ಟಲೆ ಹಿಡಿಯತೊಡಗಿತು. ಇದಕ್ಕೆ ಪರಿಹಾರವಾಗಿ ಬಂದದ್ದು ‘ಜರ್ನಲ್’, ಅಂದರೆ ದಿನಚರಿ. ಮಾಡಲಿರುವ ಬದಲಾವಣೆಗಳನ್ನು ಮೊದಲು ದಿನಚರಿಯಲ್ಲಿ ಬರೆದು, ಆಮೇಲೆ ಮುಖ್ಯ ದಾಖಲೆಗೆ ಇಳಿಸುವುದು ಇದರ ಕ್ರಮ. ವಿದ್ಯುತ್ ಹೋಗಿ ಬಂದಾಗ ದಿನಚರಿಯ ಕೊನೆಯ ಪುಟ ಓದಿ ಬಾಕಿ ಕೆಲಸ ಮುಗಿಸಿದರೆ ಸಾಕು, ಕೆಲವೇ ಕ್ಷಣ. ಲಿನಕ್ಸ್‌ಗೆ ಇಎಕ್ಸ್‌ಟಿ 3ರ ಮೂಲಕ ಇದು 2001ರಲ್ಲಿ ಸೇರಿತು, 2008ರಲ್ಲಿ ಸ್ಥಿರಗೊಂಡ ಇಎಕ್ಸ್‌ಟಿ 4ರಲ್ಲೂ ಮುಂದುವರಿಯಿತು.

ಆದರೆ ಇಲ್ಲೂ ಎಚ್ಚರ ಬೇಕು. ಸಾಮಾನ್ಯ ಬಳಕೆಯಲ್ಲಿ ದಿನಚರಿಗೆ ಹೋಗುವುದು ಲೆಕ್ಕದ ಬದಲಾವಣೆ ಮಾತ್ರ, ಕಡತದ ಒಡಲಲ್ಲ. ಇ2ಎಫ್‌ಎಸ್‌ಸಿಕೆ ಒಮ್ಮೊಮ್ಮೆ ‘ಕ್ಲೀನ್’ ಎಂದು ಹೇಳಿ ಕ್ಷಣದಲ್ಲಿ ಮುಗಿಸುತ್ತದೆ. ಅದು ಐದು ಸುತ್ತು ಹಾಕಿ ಕೊಟ್ಟ ಪ್ರಮಾಣಪತ್ರವಲ್ಲ; ವ್ಯವಸ್ಥೆ ಸರಿಯಾಗಿ ಮುಚ್ಚಲ್ಪಟ್ಟಿದೆ ಎಂಬ ಗುರುತನ್ನು ಓದಿದ್ದು ಮಾತ್ರ. ನಿಜವಾದ ತಪಾಸಣೆ ಬೇಕಿದ್ದರೆ ‘-ಎಫ್’ ಸೇರಿಸಬೇಕು.

ಬೇರೆ ವ್ಯವಸ್ಥೆಗಳ ರೀತಿ ಬೇರೆ. ಎಕ್ಸ್‌ಎಫ್‌ಎಸ್‌ನಲ್ಲಿ ಎಫ್‌ಎಸ್‌ಸಿಕೆ ಹೆಸರಿನ ಆದೇಶ ಏನನ್ನೂ ಮಾಡದು, ದುರಸ್ತಿಗೆ ‘ಎಕ್ಸ್‌ಎಫ್‌ಎಸ್ ರಿಪೇರ್’ ಇದೆ. ಸನ್ ಸಂಸ್ಥೆ 2005ರಲ್ಲಿ ಹೊರತಂದ ಜೆಡ್‌ಎಫ್‌ಎಸ್ ಕಡತದ ಒಡಲಿಗೂ ತಾಳೆ ಸಂಖ್ಯೆ ಇಡುತ್ತದೆ. ಹೀಗಾಗಿ ಒಡಲು ಕೆಟ್ಟಿದ್ದನ್ನು ಅದು ಕಂಡುಹಿಡಿಯಬಲ್ಲದು. ಆದರೆ ಸರಿಪಡಿಸಲು ಅದಕ್ಕೂ ಇನ್ನೊಂದು ಡಿಸ್ಕಿನಲ್ಲಿ ಪ್ರತಿಯೋ ಹೆಚ್ಚುವರಿ ಮಾಹಿತಿಯೋ ಇರಲೇಬೇಕು. ಪ್ರತಿ ಇಲ್ಲದೆ ದುರಸ್ತಿ ಇಲ್ಲ.

ದುರಸ್ತಿಗೆ ಮುನ್ನ

ಹಾಗಾದರೆ ಆ ಕಪ್ಪು ಪರದೆಯ ಮುಂದೆ ಏನು ಮಾಡಬೇಕು?

ಮೊದಲು, ತಪ್ಪಿರುವುದು ಲೆಕ್ಕವೋ ಡಿಸ್ಕೋ ಎಂದು ತಿಳಿಯಬೇಕು. ಗಣಕದ ಸಂದೇಶಗಳಲ್ಲಿ ಓದುವ, ಬರೆಯುವ ದೋಷಗಳು ಮತ್ತೆ ಮತ್ತೆ ಕಂಡರೆ ಡಿಸ್ಕೇ ಸಾಯುತ್ತಿರಬಹುದು. ಕುಸಿಯುತ್ತಿರುವ ಕಟ್ಟಡದಲ್ಲಿ ಕುಳಿತು ಯಾರೂ ಲೆಕ್ಕ ತಿದ್ದುವುದಿಲ್ಲ. ಅಂತಹ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಬರೆಯತೊಡಗಿದರೆ ಉಳಿದದ್ದೂ ಹೋದೀತು. ‘ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶದಿಂದ ಇಡೀ ಡಿಸ್ಕನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲಿನ ಮೇಲೆ ದುರಸ್ತಿ ಮಾಡಬೇಕು.

ಎರಡನೆಯದಾಗಿ, ಬಳಕೆ ನಿಲ್ಲಿಸಿ ಡಿಸ್ಕನ್ನು ಬಿಡಿಸಬೇಕು. ಮೂರನೆಯದಾಗಿ, ‘-ಎನ್’ ಸೇರಿಸಿ ಇ2ಎಫ್‌ಎಸ್‌ಸಿಕೆ ಓಡಿಸಬೇಕು. ಅದು ಏನನ್ನೂ ಬದಲಿಸದೆ ದೋಷಗಳನ್ನು ಮಾತ್ರ ಪಟ್ಟಿ ಮಾಡುತ್ತದೆ. ಎಣಿಕೆಗಳ ವ್ಯತ್ಯಾಸ ಮಾತ್ರವಿದ್ದರೆ ಚಿಂತೆಯಿಲ್ಲ, ಸರಿಪಡಿಸಬಹುದು. ಸಾವಿರಾರು ಐನೋಡ್‌ಗಳನ್ನು ಅಳಿಸುವ ಮಾತು ಬಂದರೆ ಅಲ್ಲಿಯೇ ನಿಂತು ನಕಲು ತೆಗೆಯಬೇಕು. ಕೊನೆಯಲ್ಲಿ ಆದೇಶ ಒಂದು ಸಂಖ್ಯೆಯನ್ನೂ ಹಿಂದಿರುಗಿಸುತ್ತದೆ: 0 ಎಂದರೆ ದೋಷವಿಲ್ಲ, 1 ಎಂದರೆ ದೋಷ ತಿದ್ದಲಾಗಿದೆ, 4 ಎಂದರೆ ತಿದ್ದದೆ ಉಳಿದಿದೆ.

ಮಾಡಿ ನೋಡಿ

ಇದನ್ನೆಲ್ಲ ಅಪಾಯವಿಲ್ಲದೆ ಕಲಿಯಬಹುದು. ನಿಜವಾದ ಡಿಸ್ಕನ್ನು ಮುಟ್ಟಬೇಕಾಗಿಲ್ಲ, ವ್ಯವಸ್ಥಾಪಕನ ಅಧಿಕಾರವೂ ಬೇಕಿಲ್ಲ. ‘ಟ್ರಂಕೇಟ್’ ಆದೇಶದಿಂದ 1 ಜಿಬಿಯ ಖಾಲಿ ಕಡತವೊಂದನ್ನು ಮಾಡಿಕೊಳ್ಳಿ. ಅದನ್ನೇ ಡಿಸ್ಕೆಂದು ಭಾವಿಸಿ ಅದರ ಮೇಲೆ ಇಎಕ್ಸ್‌ಟಿ 4 ನಿರ್ಮಿಸಿ; ನಾವು ಹೇಳಿದ ಸಂಖ್ಯೆಗಳು ಪರದೆಯ ಮೇಲೆ ಬರುತ್ತವೆ. ‘ಡಿಬಗ್‌ಎಫ್‌ಎಸ್’ ಬಳಸಿ ಒಂದೆರಡು ಕಡತಗಳನ್ನು ಒಳಗೆ ಬರೆಯಿರಿ. ಈಗ ‘ಡಿಡಿ’ ಆದೇಶದಿಂದ ಮೊದಲ 4096 ಬೈಟುಗಳಿಗೆ ಸೊನ್ನೆ ತುಂಬಿ. ಕಡತ ಮೊಟಕಾಗದಂತೆ ‘ನೋಟ್ರಂಕ್’ ಆಯ್ಕೆ ಮರೆಯಬೇಡಿ. ಸೂಪರ್‌ಬ್ಲಾಕ್ ಅಳಿಯಿತು, ಡಿಬಗ್‌ಎಫ್‌ಎಸ್ ಈಗ ಅದನ್ನು ತೆರೆಯಲಾರದು. ಇ2ಎಫ್‌ಎಸ್‌ಸಿಕೆಗೆ ‘-ಬಿ’ ಆಯ್ಕೆಯೊಂದಿಗೆ 32768 ಎಂಬ ಸಂಖ್ಯೆ ಕೊಡಿ. ಪ್ರತಿಯಿಂದ ಮೂಲ ಮರಳಿ ಬರುತ್ತದೆ, ನಿಮ್ಮ ಕಡತಗಳೂ ಇರುತ್ತವೆ.

ಆ ಮೊದಲ ಪುಟ ಉಳಿದದ್ದು ಅದರ ಪ್ರತಿ ಬೇರೊಂದು ಕಡೆ ಇದ್ದುದರಿಂದ. ನಿಮ್ಮ ಕಡತಗಳ ಒಡಲಿಗೆ ಅಂತಹ ಪ್ರತಿಯನ್ನು ಎಂಕೆಎಫ್‌ಎಸ್ ಇಡುವುದಿಲ್ಲ, ಎಫ್‌ಎಸ್‌ಸಿಕೆ ತಂದುಕೊಡುವುದಿಲ್ಲ. ಅದನ್ನು ಇಡಬೇಕಾದವರು ನೀವು. ಇಂದು ರಾತ್ರಿಯೇ ನಿಮ್ಮ ಮುಖ್ಯ ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲನ್ನು ತೆರೆದು ನೋಡಿ.

ಅಭ್ಯಾಸಕ್ಕೆ

1. ‘ಲಾಸ್ಟ್ ಪ್ಲಸ್ ಫೌಂಡ್’ನಲ್ಲಿ ಸಿಗುವ ಕಡತಗಳಿಗೆ ಹಳೆಯ ಹೆಸರು ಏಕೆ ಇರುವುದಿಲ್ಲ?

2. ಭರ್ತಿಯಾದ ಗೂಡನ್ನು ಖಾಲಿ ಎಂದು ಗುರುತಿಸುವುದು, ಖಾಲಿ ಗೂಡನ್ನು ಭರ್ತಿ ಎಂದು ಗುರುತಿಸುವುದು: ಈ ಎರಡರಲ್ಲಿ ಯಾವುದು ಹೆಚ್ಚು ಅಪಾಯಕಾರಿ? ಕಾರಣ ಕೊಡಿ.

3. ಗೂಡಿನ ಗಾತ್ರ 1024 ಬೈಟು ಆದರೆ ಒಂದು ಬಿಟ್‌ಮ್ಯಾಪ್ ಗೂಡು ಎಷ್ಟು ಗೂಡುಗಳ ಲೆಕ್ಕ ಇಡಬಲ್ಲದು? ಗುಂಪಿನ ಗಾತ್ರ ಎಷ್ಟಾಗುತ್ತದೆ?